ರೆಕ್ಕೆಯೊಳಗಿನ ಲೆಕ್ಕ

ವಿಮಾನದ ತೆಳುವಾದ ರೆಕ್ಕೆಗಳಲ್ಲಿ ಲಕ್ಷಗಟ್ಟಲೆ ಲೀಟರ್ ಇಂಧನ ಹಿಡಿಯುವುದುಂಟೇ ಎಂದು ಶಂಕಿಸುವವರಿದ್ದಾರೆ. ಶಂಕೆ ತಪ್ಪಲ್ಲ, ಲೆಕ್ಕ ಹಾಕದೆ ಬಿಡುವುದು ತಪ್ಪು.

ಬೋಯಿಂಗ್ 747-400 ವಿಮಾನದ ಟ್ಯಾಂಕುಗಳ ಸಾಮರ್ಥ್ಯ ಸುಮಾರು 2.16 ಲಕ್ಷ ಲೀಟರ್. ಉದ್ದ, ಅಗಲ, ಎತ್ತರ ತಲಾ ಆರು ಮೀಟರ್ ಇರುವ ಕೋಣೆಯಲ್ಲಿ ಇದಿಷ್ಟೂ ಹಿಡಿಯುತ್ತದೆ. ರೆಕ್ಕೆಗಳ ವಿಸ್ತೀರ್ಣವೋ 500 ಚದರ ಮೀಟರಿಗೂ ಹೆಚ್ಚು. ಅಷ್ಟಗಲಕ್ಕೆ ಹರಡಿದರೆ ಇಂಧನದ ಆಳ ಅರ್ಧ ಮೀಟರನ್ನೂ ಮುಟ್ಟದು. ಸಾಲದ್ದಕ್ಕೆ ರೆಕ್ಕೆಗಳ ನಡುವಿನ ಒಡಲಲ್ಲಿಯೂ ಬಾಲದಲ್ಲಿಯೂ ಟ್ಯಾಂಕುಗಳಿವೆ.

ನಿಜಕ್ಕೂ ಬೆರಗಾಗಬೇಕಾದುದು ಬೇರೆ. ಒಂದು ಕಿಲೋ ಇಂಧನ ಉರಿದಾಗ ಗಾಳಿಯ ಆಮ್ಲಜನಕವೂ ಸೇರಿ ಮೂರು ಕಿಲೋಗೂ ಮಿಕ್ಕಿದ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ತುಂಬಿದ ಟ್ಯಾಂಕುಗಳ ಸುಮಾರು 170 ಟನ್ ಇಂಧನ ಪೂರ್ತಿ ಉರಿದರೆ 500 ಟನ್ನಿಗೂ ಹೆಚ್ಚು. ಮೇಲೇರುವ ವಿಮಾನದ ಗರಿಷ್ಠ ತೂಕವೇ 400 ಟನ್ನಿನ ಒಳಗೆ!

ನಮ್ಮ ಭತ್ತದ ಗದ್ದೆಯ ಮೀಥೇನ್ ದೇಶದ ಲೆಕ್ಕಕ್ಕೆ ಸೇರುತ್ತದೆ. ಅಂತರರಾಷ್ಟ್ರೀಯ ವಿಮಾನಗಳ ಹೊಗೆ ಯಾವ ದೇಶದ ಒಟ್ಟು ಲೆಕ್ಕಕ್ಕೂ ಸೇರದು. 1997ರ ಕ್ಯೋಟೋ ಒಪ್ಪಂದವೂ ಅದನ್ನು ನಾಗರಿಕ ವಿಮಾನಯಾನ ಸಂಸ್ಥೆಗೆ ಒಪ್ಪಿಸಿ ಕೈತೊಳೆದುಕೊಂಡಿತು. ರೈತನ ಗದ್ದೆಗೊಂದು ನ್ಯಾಯ, ಆಕಾಶಕ್ಕೊಂದು ನ್ಯಾಯವೇ? ನಮ್ಮ ಶಂಕೆ ಈ ಪ್ರಶ್ನೆಯತ್ತ ತಿರುಗಲಿ.