ಉರಿಯಿಲ್ಲದ ಅಗ್ಗಿಷ್ಟಿಕೆ

ಅಲಂಕಾರವೆಂಬುದು ಮೇಲಿನಿಂದ ತೊಡಿಸಿದ್ದೋ, ಉಪಯೋಗದ ಒಡಲಿನಿಂದಲೇ ಮೂಡಿದ್ದೋ ಎಂಬ ಪ್ರಶ್ನೆ ಕಾವ್ಯಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಅಗ್ಗಿಷ್ಟಿಕೆಯ ಸುತ್ತ ಅಣಿಗೊಳಿಸಿರುವ ಪುರಾತನ ಕಬ್ಬಿಣದ ಸಾಮಾನುಗಳನ್ನು ಕುರಿತೂ ಈ ಪ್ರಶ್ನೆಯನ್ನು ಕೇಳಬಹುದು.

ಅಗ್ಗಿಷ್ಟಿಕೆಯ ಹಿಂಬದಿಗೆ ನಿಲ್ಲಿಸುವ ಬೀಡುಕಬ್ಬಿಣದ ಹಲಗೆ ಹುಟ್ಟಿದ್ದು ಬರಿಯ ಶೋಭೆಗಾಗಿ ಅಲ್ಲ. ಉರಿಯಿಂದ ಗೋಡೆಯನ್ನು ಕಾಯುವುದು, ತಾನು ಹೀರಿದ ಕಾವನ್ನು ಕೋಣೆಗೆ ಮರಳಿಸುವುದು ಅದರ ಕೆಲಸ. ಕೊರಡುಗಳನ್ನು ನೆಲದಿಂದ ಎತ್ತಿ ಹಿಡಿದು ಗಾಳಿಯಾಡಿಸುವ ಜೋಡಿ ಕಬ್ಬಿಣಗಳೂ ಹಾಗೆಯೇ. ಆಗ್ನೇಯ ಇಂಗ್ಲೆಂಡಿನ ವೀಲ್ಡ್ ಪ್ರದೇಶದ ನ್ಯೂಬ್ರಿಜ್‌ನಲ್ಲಿ 1496ರಲ್ಲಿ ಊದುಕುಲುಮೆ ಎದ್ದಿತು. ಮುಂದಿನ ಶತಮಾನದಲ್ಲಿ ಆ ಸೀಮೆಯಲ್ಲಿ ಇಂಥ ಹಲಗೆಗಳ ಎರಕ ಬೆಳೆಯಿತು. ಮರಳಿನ ಹಾಸಿನಲ್ಲಿ ಹಗ್ಗದ ತುಂಡನ್ನೋ ಮರದ ಅಚ್ಚನ್ನೋ ಒತ್ತಿ, ಆ ಗುರುತಿನೊಳಕ್ಕೆ ಕರಗಿದ ಕಬ್ಬಿಣವನ್ನು ಹರಿಯಿಸುತ್ತಿದ್ದರು. ಅರಸರ ಲಾಂಛನಗಳು ಮೂಡಿದ್ದೂ ಈ ಬಗೆಯಿಂದಲೇ.

ಸಸೆಕ್ಸಿನ ಬ್ರೀಡ್ ಕುಲುಮೆಯ ಎರಕಗಾರ ರಿಚರ್ಡ್ ಲೆನಾರ್ಡ್ ಎಂಬಾತನು 1636ರ ಹಲಗೆಯೊಂದರಲ್ಲಿ ಅರಸನಿಗೆ ಎಡೆಗೊಡಲಿಲ್ಲ. ತನ್ನ ಆಕೃತಿಯನ್ನೂ ಕುಲುಮೆಯನ್ನೂ ಉಪಕರಣಗಳನ್ನೂ ಹೆಸರಿನೊಡನೆ ಎರಕ ಹೊಯ್ದನು. ದುಡಿಮೆಗಾರನ ಆತ್ಮಗೌರವಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ?

ಮುಂದೆ ಸೌದೆಯ ಎಡೆಗೆ ಕಲ್ಲಿದ್ದಲು ಬಂದಿತು. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರಲ್ಲಿ ಶುದ್ಧವಾಯು ಶಾಸನ ಜಾರಿಗೆ ಬಂದಿತು. ಕೊಳವೆಗಳಲ್ಲಿ ಹರಿಯುವ ಬಿಸಿನೀರು ಮನೆಗಳನ್ನು ಬೆಚ್ಚಗಿಡತೊಡಗಿತು. ಎಷ್ಟೋ ಮನೆಗಳಲ್ಲಿ ಉರಿ ಆರಿತು, ಕಬ್ಬಿಣ ಉಳಿಯಿತು.

ಉರಿ ಆರಿದುದಕ್ಕೆ ಮರುಗಬೇಕಾಗಿಲ್ಲ. ಜನರ ಉಸಿರು ಅಲಂಕಾರಕ್ಕಿಂತ ದೊಡ್ಡದು. ಸಿರಿವಂತರು ಹಣ ತೆತ್ತು ಕೊಳ್ಳದಿದ್ದರೆ ಇಂಥ ಎಷ್ಟೋ ಹಲಗೆಗಳು ಗುಜರಿಗೆ ಹೋಗುತ್ತಿದ್ದುವೆಂಬುದೂ ನಿಜ. ಆದರೆ ಉಳಿಸಿದ್ದನ್ನು ಹೇಗೆ ಉಳಿಸುತ್ತೇವೆಂಬುದು ಮುಖ್ಯ. ಉರಿಯುಂಡ ಬಿರುಕನ್ನು ಮುಚ್ಚಿ, ಮಸಿಯ ಕೊನೆಯ ಕಲೆಯನ್ನೂ ಉಜ್ಜಿ, ಕರಿಯ ಹೊಳಪು ಬಳಿದು ನಿಲ್ಲಿಸಿದರೆ ಉಳಿಯುವುದು ಆಕಾರ ಮಾತ್ರ. ಸವೆತವೇ ಆ ವಸ್ತುವಿನ ಚರಿತ್ರೆ. ಒಡೆಯನಾದವನು ಅತಿಥಿಗೆ ಬೆಲೆಯನ್ನು ಹೇಳುವ ಮೊದಲು ಅದು ಮಾಡುತ್ತಿದ್ದ ಕೆಲಸವನ್ನು ಹೇಳಲಿ, ಎರಕಗಾರನ ಹೆಸರು ದೊರೆತಿದ್ದರೆ ಅದನ್ನೂ ಹೇಳಲಿ. ಔಚಿತ್ಯವು ಅಷ್ಟನ್ನಾದರೂ ಬೇಡುತ್ತದೆ.