ಮೂಕಜೀವಿಗಳೂ ದೇವರ ಸೊತ್ತು

ಪಾಪನಿವೇದನೆಗೆ ಮುನ್ನ ನಾವು ಆತ್ಮಪರಿಶೋಧನೆ ಮಾಡಿಕೊಳ್ಳುತ್ತೇವೆ. ಸುಳ್ಳು, ಸಿಟ್ಟು, ಅಸೂಯೆ, ತಪ್ಪಿಸಿಕೊಂಡ ಭಾನುವಾರದ ಬಲಿಪೂಜೆ ಇವೆಲ್ಲವೂ ನೆನಪಾಗುತ್ತವೆ. ಮೂಕಪ್ರಾಣಿಯೊಂದನ್ನು ಅಕಾರಣವಾಗಿ ನೋಯಿಸಿದ್ದು ಪಾಪವೆಂದು ಹೊಳೆಯುವುದು ಮಾತ್ರ ವಿರಳ. ಪ್ರಾಣಿಗಳು ಇರುವುದೇ ನಮ್ಮ ಉಪಯೋಗಕ್ಕಾಗಿ, ಅವುಗಳನ್ನು ಹೇಗೆ ನಡೆಸಿಕೊಂಡರೂ ದೋಷವಿಲ್ಲವೆಂಬ ಭಾವನೆಯೇ ಇದಕ್ಕೆ ಕಾರಣ. 17ನೆಯ ಶತಮಾನದಲ್ಲಿ ತತ್ತ್ವಜ್ಞಾನಿ ದೆಕಾರ್ತ್ ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದನು. ಪವಿತ್ರ ಗ್ರಂಥದ ದೃಷ್ಟಿ ಅದಲ್ಲ.

ಆದಿಕಾಂಡದ ಮೊದಲ ಅಧ್ಯಾಯವನ್ನು ಗಮನವಿಟ್ಟು ಓದೋಣ. ಮನುಷ್ಯನು ಉಂಟಾಗುವ ಮೊದಲೇ ದೇವರು ಮೀನು, ಪಕ್ಷಿ, ಮೃಗಗಳನ್ನು ಕಂಡು ಒಳ್ಳೆಯವೆಂದು ಮೆಚ್ಚಿದರು. ಎಂದಮೇಲೆ ಅವುಗಳ ಒಳ್ಳೆಯತನ ನಮ್ಮ ಉಪಯೋಗದಿಂದ ಹುಟ್ಟಿದುದಲ್ಲ. ಜಲಪ್ರಳಯದ ತರುವಾಯದ ಒಡಂಬಡಿಕೆ ನೋವನೊಡನೆ ಮಾತ್ರವಲ್ಲ, ನಾವೆಯಿಂದ ಹೊರಬಂದ ಸಕಲ ಜೀವಿಗಳೊಡನೆಯೂ ಆಯಿತು. ಸಬ್ಬತ್ ದಿನದ ವಿಶ್ರಾಂತಿ ಯಜಮಾನನಿಗಷ್ಟೇ ಅಲ್ಲ, ಅವನ ಎತ್ತು ಕತ್ತೆಗಳಿಗೂ ಸಲ್ಲಬೇಕು. ಒಕ್ಕಣೆಯ ಕಣದಲ್ಲಿ ದುಡಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಿ ಅದರ ಪಾಲನ್ನು ತಪ್ಪಿಸಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಪುಡಿಗಾಸಿಗೆ ಮಾರಾಟವಾಗುವ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲವೆಂದು ಯೇಸುಸ್ವಾಮಿ ಬೋಧಿಸಿದರು.

13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಜೀವವೈವಿಧ್ಯಕ್ಕೆ ತಾತ್ತ್ವಿಕ ಕಾರಣವನ್ನು ಕೊಟ್ಟರು. ದೇವರ ಒಳ್ಳೆಯತನವನ್ನು ಯಾವುದೇ ಒಂದು ಸೃಷ್ಟಿ ಪೂರ್ಣವಾಗಿ ತೋರಲಾರದು. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬಿಕೊಡಲೆಂದೇ ಬಗೆಬಗೆಯ ಸೃಷ್ಟಿಗಳಿವೆ. ಹಾಗಾದರೆ ಒಂದು ಜೀವಸಂತತಿ ಅಳಿದಾಗ ದೇವರನ್ನು ಅರಿಯುವ ಒಂದು ದಾರಿಯೇ ನಮಗೆ ಮುಚ್ಚಿಹೋಗುತ್ತದೆ.

ಪವಿತ್ರವೆಂದರೆ ಪೂಜಾರ್ಹವೆಂದು ಅರ್ಥವಲ್ಲ. ಸೃಷ್ಟಿಯು ಸೃಷ್ಟಿಕರ್ತನಲ್ಲ, ದೇವರ ಪ್ರತಿರೂಪದಲ್ಲಿ ಉಂಟಾದವನು ಮನುಷ್ಯನೇ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಅನ್ನ, ಬಟ್ಟೆಗಳಿಗಾಗಿ ಪ್ರಾಣಿಗಳ ಬಳಕೆಯನ್ನು ಒಪ್ಪುತ್ತದೆ. ಮಾನವರ ಕಷ್ಟನಿವಾರಣೆಗೆ ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದನ್ನು ಒಪ್ಪುವುದಿಲ್ಲ. ಆದರೆ ಅನಗತ್ಯವಾಗಿ ಅವುಗಳನ್ನು ನರಳಿಸುವುದು, ಕೊಲ್ಲುವುದು ಮಾನವ ಘನತೆಗೇ ವಿರುದ್ಧವೆಂದು ಅದೇ ಗ್ರಂಥ ಸಾರುತ್ತದೆ. 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು, ಪ್ರತಿಯೊಂದು ಜೀವಿಗೂ ದೇವರ ದೃಷ್ಟಿಯಲ್ಲಿ ತನ್ನದೇ ಬೆಲೆಯುಂಟೆಂದು ಬೋಧಿಸಿದರು. ನಮಗೆ ದೊರೆತಿರುವುದು ಒಡೆತನವಲ್ಲ, ಪಾರುಪತ್ಯ. ಪಾರುಪತ್ಯಗಾರನು ಲೆಕ್ಕ ಒಪ್ಪಿಸಬೇಕಾಗುತ್ತದೆ.

‘ಅನಗತ್ಯ’ವೆಂಬ ಆ ಪದವನ್ನು ನಮ್ಮ ಮನೆಯಂಗಳಕ್ಕೆ ತಂದು ನೋಡೋಣ. ಊಟದಲ್ಲಿ ಮಾಂಸವಿರಬಹುದು, ಅದಕ್ಕಾಗಿ ಕೋಳಿಗಳ ಕಾಲು ಕಟ್ಟಿ, ತಲೆಕೆಳಗಾಗಿ ನೇತುಹಾಕಿ ಬಿಸಿಲಿನಲ್ಲಿ ತರುವ ಅಗತ್ಯವೇನು? ಮನೆ ಕಾಯ್ದ ನಾಯಿ ಮುಪ್ಪಾಯಿತೆಂದು ಊರಾಚೆ ಬಿಟ್ಟು ಬರುವುದು ಕೃತಜ್ಞತೆಯೇ? ಮದುವೆ, ನಾಮಕರಣಗಳ ಔತಣದಲ್ಲಿ ಎಲೆಯ ಮೇಲೆ ಬಿಟ್ಟು ಎಸೆದ ಮಾಂಸಕ್ಕಾಗಿಯೂ ಒಂದು ಜೀವ ಹೋಗಿದೆ. ಅದು ಯಾರ ಹಸಿವನ್ನೂ ನೀಗಲಿಲ್ಲ. ಮಕ್ಕಳು ಬೀದಿನಾಯಿಗೆ ಕಲ್ಲೆಸೆಯುವಾಗ ಹಿರಿಯರು ಸುಮ್ಮನಿದ್ದರೆ, ಆ ಎಳೆಯ ಮನಸ್ಸು ಕ್ರೌರ್ಯವನ್ನು ಕಲಿಯುತ್ತದೆ.

ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು 1979ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲ್‌ರವರು ಪರಿಸರಪ್ರೇಮಿಗಳ ಪಾಲಕ ಸಂತರೆಂದು ಘೋಷಿಸಿದರು. ಅಕ್ಟೋಬರ್ 4ರಂದು ಅವರ ಹಬ್ಬವನ್ನು ಆಚರಿಸುವ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ: ಮುಂದಿನ ಪಾಪನಿವೇದನೆಗೆ ಸಿದ್ಧರಾಗುವಾಗ, ದೇವರು ನಮ್ಮ ವಶಕ್ಕೆ ಕೊಟ್ಟ ಜೀವಿಗಳನ್ನು ಹೇಗೆ ನಡೆಸಿಕೊಂಡೆವೆಂಬ ಪ್ರಶ್ನೆಯನ್ನೂ ಕೇಳಿಕೊಳ್ಳೋಣ, ಮಕ್ಕಳಿಗೂ ಕಲಿಸೋಣ.