ಬಂಗಿಗೆ ಲೇಸರ್: ಈ ಪ್ಯಾಕೇಜ್ ದಂಧೆ ನಿಲ್ಲಲಿ

ಬಂಗು ಲೇಸರಿನಿಂದ ವಾಸಿಯಾಗಿಬಿಡುವ ತೊಂದರೆಯಲ್ಲ. ಚರ್ಮವೈದ್ಯ ಶಾಸ್ತ್ರದಲ್ಲಿ ಅದು ಮಿಕ್ಕೆಲ್ಲ ಮುಗಿದ ಮೇಲೆ, ಅಳುಕಿನಿಂದಲೇ ಯೋಚಿಸುವ ಚಿಕಿತ್ಸೆ. ನಮ್ಮ ಊರುಗಳ ಬ್ಯೂಟಿ ಕ್ಲಿನಿಕ್ಕುಗಳ ಫಲಕಗಳಲ್ಲಿ ಮಾತ್ರ ಅದಕ್ಕೇ ಮೊದಲ ಸ್ಥಾನ. ಆರು ಸಿಟ್ಟಿಂಗ್, ಎಂಟು ಸಿಟ್ಟಿಂಗ್, ಮದುವೆ ಹೆಣ್ಣಿಗೆ ವಿಶೇಷ ರಿಯಾಯಿತಿ, ದುಡ್ಡು ಸಾಲದಿದ್ದರೆ ಕಂತು. ಇದು ಚಿಕಿತ್ಸೆಯ ವೇಷ ತೊಟ್ಟ ವ್ಯಾಪಾರ. ಇದನ್ನು ಇಷ್ಟು ದಿನ ನಡೆಯಲು ಬಿಟ್ಟ ಆರೋಗ್ಯ ಇಲಾಖೆ ಉತ್ತರ ಕೊಡಬೇಕು.

ಲೇಸರ್ ಯಂತ್ರದ್ದು ತಪ್ಪಿಲ್ಲ. ಸರಿಯಾದ ತರಂಗಾಂತರದ ಕಿರಣವನ್ನು ಅತಿ ಸೂಕ್ಷ್ಮ ಅವಧಿಗೆ ಹಾಯಿಸಿದರೆ ಸುತ್ತಲಿನ ಚರ್ಮಕ್ಕೆ ಹೆಚ್ಚು ಪೆಟ್ಟಾಗದಂತೆ ಬಣ್ಣದ ಕಣವನ್ನಷ್ಟೇ ಒಡೆಯಬಹುದು ಎಂಬ ತತ್ವವನ್ನು ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಮುಂದಿಟ್ಟರು. ಅದರಿಂದ ಬದುಕು ಹಗುರಾದವರಿದ್ದಾರೆ. ಕಣ್ಣಿನ ಸುತ್ತ, ಕೆನ್ನೆಯ ಮೇಲೆ ನೀಲಿ-ಬೂದು ಬಣ್ಣದಲ್ಲಿ ಹರಡಿಕೊಳ್ಳುವ ಓಟಾ ಮಚ್ಚೆಗೆ ಹಿಂದೆ ನೆಟ್ಟಗೊಂದು ಮದ್ದಿರಲಿಲ್ಲ. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಕಿರಣ ಒಳಚರ್ಮಕ್ಕೆ ಇಳಿದು ಅದನ್ನು ತಿಳಿಯಾಗಿಸುತ್ತದೆ, ಹೋದದ್ದು ಮರಳುವುದು ಅಪರೂಪ. ಅಂಥವರಿಗೆ ಲೇಸರ್ ಸಿಗಲೇಬೇಕು.

ಬಂಗಿನ ಜಾಯಮಾನವೇ ಬೇರೆ. ಅದು ಬಂದು ಕುಳಿತ ಕಲೆಯಲ್ಲ, ಬಣ್ಣ ತಯಾರಿಸುವ ಜೀವಕೋಶಗಳ ಕೆರಳಿಕೆ. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆ, ವಂಶದ ಗುಣ, ಇವೆಲ್ಲ ಅದನ್ನು ಕೆರಳಿಸುತ್ತವೆ. ಒಲೆ ಆರಿಸದೆ ಪಾತ್ರೆಯ ಮಸಿ ತಿಕ್ಕಿದರೆ ಏನಾದೀತೋ ಇಲ್ಲೂ ಅದೇ ಆಗುತ್ತದೆ. ಮೊದಲ ಎರಡು ಸಿಟ್ಟಿಂಗಿಗೆ ಮುಖ ತಿಳಿಯಾದಂತೆ ಕಾಣುತ್ತದೆ. ಫೋಟೋ ತೆಗೆದು ಜಾಹೀರಾತಿಗೆ ಹಾಕುವುದು ಆ ಹೊತ್ತಿನಲ್ಲೇ. ಕೆಲವು ತಿಂಗಳಲ್ಲಿ ಬಂಗು ಹಿಂತಿರುಗುತ್ತದೆ, ಎಷ್ಟೋ ಸಲ ಮೊದಲಿಗಿಂತ ಕಪ್ಪಾಗಿ.

ನಮ್ಮ ಮೈಬಣ್ಣದ ಲೆಕ್ಕವೂ ಇದರಲ್ಲಿ ಸೇರಬೇಕು. ಫಿಟ್ಜ್‌ಪ್ಯಾಟ್ರಿಕ್ ಮಾಡಿದ ಆರು ದರ್ಜೆಗಳ ವಿಂಗಡಣೆಯಲ್ಲಿ ನಮ್ಮಲ್ಲಿ ಬಹುಪಾಲು ಜನ ನಾಲ್ಕು ಮತ್ತು ಐದರಲ್ಲಿ ಬರುತ್ತೇವೆ. ಮೇಲ್ಚರ್ಮದಲ್ಲೇ ಮೆಲನಿನ್ ಧಾರಾಳವಾಗಿರುವುದರಿಂದ ಕಲೆಗೆ ತಾಗಬೇಕಾದ ಶಕ್ತಿಯನ್ನು ಅದೇ ಹೀರಿಕೊಂಡು ಸುಡುತ್ತದೆ. ಬಿಳಿ ಚರ್ಮಕ್ಕೆ ಹೊಂದಿಸಿದ ಅಳತೆಯನ್ನು ಇಲ್ಲಿ ಹಾಗೇ ಒತ್ತಿದರೆ ಸುಟ್ಟ ಕಡೆಯೆಲ್ಲ ಹೊಸ ಕಪ್ಪು. ಶಕ್ತಿ ತಗ್ಗಿಸಿ ಪದೇ ಪದೇ ಹಾಯಿಸುವ ‘ಟೋನಿಂಗ್’ ನಿರಪಾಯ ಎಂದು ನಂಬಿಸುತ್ತಾರಲ್ಲ, ಅದರಿಂದ ಚುಕ್ಕಿ ಚುಕ್ಕಿಯಾಗಿ ಬಿಳಿ ಕಲೆಗಳು ಏಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅವು ಬೇಗ ಹೋಗುವುದಿಲ್ಲ. ಕೆಲವರಲ್ಲಿ ಹೋಗುವುದೇ ಇಲ್ಲ. ಎನ್‌ಡಿ-ಯಾಗ್ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ರಕ್ಷಾಕವಚವಿಲ್ಲದ ಕಣ್ಣಿನ ಅಕ್ಷಿಪಟಲವನ್ನು ಸುಡಬಲ್ಲದು.

ಇನ್ನು, ಲೇಸರಿಗೆ ಬರುವ ಎಷ್ಟೋ ಮುಖಗಳು ಆಗಲೇ ಸ್ಟೀರಾಯ್ಡ್ ಮುಲಾಮು ಹಚ್ಚಿ ಹಚ್ಚಿ ತೆಳುವಾಗಿರುತ್ತವೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಔಷಧದ ಅಂಗಡಿಗೆ ಹೋಗಿ ಕೇಳಿ ನೋಡಿ, ಚೀಟಿ ಎಲ್ಲಿ ಎಂದು ಎಷ್ಟು ಜನ ಕೇಳುತ್ತಾರೆ?

ಕಾನೂನಿಲ್ಲ ಎಂಬ ನೆಪ ನಡೆಯದು. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಉಪಕರಣಗಳೆಲ್ಲ ಔಷಧ ಕಾಯ್ದೆಯ ಅಡಿಗೆ ಬಂದಿವೆ. ಯೂಟ್ಯೂಬ್ ನೋಡಿ, ಕಾರ್ಯಾಗಾರದಲ್ಲಿ ಕುಳಿತೆದ್ದು ಸೌಂದರ್ಯ ಚಿಕಿತ್ಸೆಗೆ ಕೈಹಾಕುವುದು ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಆದರೂ ಪಾರ್ಲರಿನವರು ಪಾಲಿಕೆಯ ಉದ್ದಿಮೆ ಪರವಾನಗಿ ತೋರಿಸಿ ಪಾರಾಗುತ್ತಾರೆ. ಯಂತ್ರಕ್ಕೆ ಒಂದು ಇಲಾಖೆ, ಮಳಿಗೆಗೆ ಇನ್ನೊಂದು, ವೈದ್ಯರಿಗೆ ಪರಿಷತ್ತು. ಗುಂಡಿ ಒತ್ತುವ ಕೈ ಯಾರದ್ದು ಎಂದು ಕೇಳುವವರಿಲ್ಲ. ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿಯಿಲ್ಲದೆ ಚಿಕಿತ್ಸೆ ಕೊಡುವವರಿಗೆ ಜೈಲೂ ಇದೆ, ದಂಡವೂ ಇದೆ. ಜಿಲ್ಲಾಧಿಕಾರಿಗಳೇ ಮುಖ್ಯಸ್ಥರಾಗಿರುವ ಪ್ರಾಧಿಕಾರಗಳಿವೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಗೆ ಹೋದ ಕಿರುತೆರೆ ನಟಿಯೊಬ್ಬರು ಸತ್ತಾಗ ಎಲ್ಲರಿಗೂ ಈ ಕಾಯ್ದೆಯ ನೆನಪಾಗಿತ್ತು. ಮುಖ ಸುಟ್ಟುಕೊಂಡವರು ಸಾಯುವುದಿಲ್ಲ, ದೂರು ಕೊಡಲು ಮುಖ ತೋರಿಸುವುದೂ ಇಲ್ಲ.

ಪಾರ್ಲರುಗಳನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಎಂ.ಡಿ. ಪದವಿಯ ಚರ್ಮವೈದ್ಯರಲ್ಲೂ ಪ್ಯಾಕೇಜ್ ಮಾರುವವರಿದ್ದಾರೆ. ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯುವುದು 2002ರ ವೃತ್ತಿಸಂಹಿತೆಯ ಪ್ರಕಾರ ದುರ್ನಡತೆ. ಇನ್‌ಸ್ಟಾಗ್ರಾಮಿನಲ್ಲಿ ಹರಿದಾಡುವ ‘ಮೊದಲು–ನಂತರ’ ಚಿತ್ರಗಳು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕಣ್ಣಿಗೂ ಬೀಳಬೇಕು. ಬಂಗಿಗೆ ಮೊದಲ ಮದ್ದು ಸನ್‌ಸ್ಕ್ರೀನ್, ವೈದ್ಯರ ನಿಗಾದಲ್ಲಿ ಹಚ್ಚುವ ಮುಲಾಮು, ತಿಂಗಳುಗಟ್ಟಲೆ ತಾಳ್ಮೆ ಎಂಬುದು ಇವರಿಗೆ ಗೊತ್ತಿದೆ. ಗೊತ್ತಿದ್ದೂ ಮುಚ್ಚಿಡುವುದು ಪಾರ್ಲರಿನವರ ಅಜ್ಞಾನಕ್ಕಿಂತ ದೊಡ್ಡ ಅಪರಾಧ.

ಲೇಸರ್ ಇಟ್ಟುಕೊಂಡ ಪ್ರತಿ ಮಳಿಗೆಯೂ ಕಾಯ್ದೆಯಡಿ ನೋಂದಣಿಯಾಗಲಿ. ಚರ್ಮವೈದ್ಯರ ಹೆಸರು, ನೋಂದಣಿ ಸಂಖ್ಯೆ ಬಾಗಿಲಲ್ಲೇ ಕಾಣಲಿ. ಅಪಾಯಗಳನ್ನು ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಬೀಳದೆ ಯಂತ್ರ ಚಾಲೂ ಆಗಕೂಡದು. ನೋಟಿಸ್ ಯಾರಿಂದ ಶುರು ಮಾಡಬೇಕೆಂದು ಅಧಿಕಾರಿಗಳು ತಲೆ ಕೆಡಿಸಿಕೊಳ್ಳಬೇಕಿಲ್ಲ. ‘ಬಂಗಿಗೆ ಶಾಶ್ವತ ಪರಿಹಾರ’ ಎಂದು ಬರೆಸಿದವರೆಲ್ಲ ಅದರ ಕೆಳಗೇ ವಿಳಾಸ, ಮೊಬೈಲ್ ನಂಬರನ್ನೂ ಅಚ್ಚು ಹಾಕಿಸಿದ್ದಾರೆ.